ತೋಟದ ಮನೆಗೆ ವಿಮೆ: ಕಡಿಮೆ ಖರ್ಚಿನಲ್ಲಿ ಮಾಡಿಸೋದು ಹೇಗೆ?

ಬೆಳೆ ವಿಮೆ ಬಗ್ಗೆ ಈ ಅಂಕಣದಲ್ಲಿ ಎಷ್ಟೋ ಸಲ ಮಾತಾಡಿದ್ದೇವೆ. ಹಸುವಿಗೆ ವಿಮೆ ಇದೆ, ಟ್ರ್ಯಾಕ್ಟರ್‌ಗೆ ಇದೆ, ಬೈಕಿಗೂ ಇದೆ. ಆದರೆ ನಾವು ಮಲಗಿ ಏಳೋ ಮನೆಗೆ? ಹತ್ತು ಜನರನ್ನ ಕೇಳಿದರೆ ಒಬ್ಬರು ಹೌದು ಅನ್ನೋದೂ ಕಷ್ಟ. "ಅದು ಪೇಟೆ ಮನೆಯವರಿಗೆ ಸ್ವಾಮಿ, ನಮ್ಮ ಹೆಂಚಿನ ಮನೆಗೆ ಯಾರು ಕೊಡ್ತಾರೆ?" ಅನ್ನೋದೇ ಹೆಚ್ಚಿನವರ ಉತ್ತರ.

ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ಒಬ್ಬ ಏಜೆಂಟರ ಮಾತು ಕೇಳಿ ಪಾಲಿಸಿ ಮಾಡಿಸಿದೆ. ಒಂದು ಮೇ ತಿಂಗಳ ಸಂಜೆ ಗಾಳಿ-ಮಳೆಗೆ ಸಿಲ್ವರ್ ಓಕ್ ಮರ ಮುರಿದು ಮನೆಯ ಹಿಂಭಾಗದ ಮೇಲೆ ಬಿತ್ತು. ಪಕಾಸು, ರೀಪು, ಹೆಂಚು ಎಲ್ಲ ಪುಡಿ, ಅಡುಗೆಮನೆ ಗೋಡೆ ಸೀಳಿತು. ಪಾಲಿಸಿ ಇದೆಯಲ್ಲ ಅಂತ ಧೈರ್ಯವಾಗಿದ್ದೆ. ಸರ್ವೇಯರ್ ಬಂದವರು ಕಾಗದ ತೆಗೆದು ನೋಡಿ, "ಇಲ್ಲಿ ಆರ್‌ಸಿಸಿ ಛಾವಣಿ ಅಂತ ಬರೆದಿದೆಯಲ್ಲ, ನಿಮ್ಮದು ಹೆಂಚು" ಅಂದರು. ಅರ್ಜಿ ತುಂಬಿದ್ದು ಏಜೆಂಟರು, ಸಹಿ ಮಾತ್ರ ನಂದು. ಓದಿರಲಿಲ್ಲ. ಐದು ತಿಂಗಳು ಪತ್ರ ವ್ಯವಹಾರ ಮಾಡಿ ಕೊನೆಗೆ ಸ್ವಲ್ಪ ಹಣ ಬಂತು, ಪೂರ್ತಿ ಬರಲಿಲ್ಲ. ಆ ಮಳೆಗಾಲ ಇಡೀ ಟಾರ್ಪಾಲಿನ ಕೆಳಗೆ ಅಡುಗೆ ಮಾಡಿದ್ದು ಮನೆಯಾಕೆ ಇನ್ನೂ ಮರೆತಿಲ್ಲ.

ಅದಕ್ಕೇ ಮೊದಲೇ ಹೇಳಿಬಿಡ್ತೀನಿ. ಮನೆ ವಿಮೆ ನಾವು ಅಂದುಕೊಂಡಷ್ಟು ದುಬಾರಿ ಅಲ್ಲ. ದುಬಾರಿ ಆಗೋದು ಅರ್ಜಿಯಲ್ಲಿ ತಪ್ಪು ಬರೆದಾಗ. ಇದ್ದದ್ದು ಇದ್ದ ಹಾಗೆ ಬರೆಸಿ, ಅಗತ್ಯ ಇರೋದನ್ನ ಮಾತ್ರ ತಗೊಂಡರೆ ಅದೇ ಅಗ್ಗದ ವಿಮೆ.

ಈಗಾಗಲೇ ನನ್ನ ಖಾತೆಯಿಂದ ವಿಮೆ ಹಣ ಹೋಗ್ತಿದೆಯಲ್ಲ?

ಈ ಗೊಂದಲ ತುಂಬಾ ಜನರಿಗಿದೆ. ಬ್ಯಾಂಕ್ ಖಾತೆಯಿಂದ ವರ್ಷಕ್ಕೊಮ್ಮೆ ಕಡಿತ ಆಗೋ 20 ರೂಪಾಯಿ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯದ್ದು, ಅಂದರೆ ಅಪಘಾತ ವಿಮೆ. 436 ರೂಪಾಯಿ ಜೀವನ್ ಜ್ಯೋತಿ ಯೋಜನೆಯದ್ದು, ಅದು ಜೀವ ವಿಮೆ. ಎರಡೂ ಒಳ್ಳೆಯವೇ, ಆದರೆ ಮನೆಗೆ ಸಂಬಂಧ ಇಲ್ಲ. ಎಲ್‌ಐಸಿ ಪಾಲಿಸಿ ಕೂಡ ಜೀವಕ್ಕೆ, ಮನೆಗಲ್ಲ. ಮನೆ ಸಾಲ ತೆಗೆಯುವಾಗ ಬ್ಯಾಂಕಿನವರು ಮಾಡಿಸಿದ ವಿಮೆಯೂ ಹಲವು ಸಲ ಸಾಲಗಾರನ ಜೀವಕ್ಕೆ ಇರುತ್ತೆ, ಕಟ್ಟಡಕ್ಕೆ ಇರಲ್ಲ. ಕಾಗದ ತೆಗೆದು ಒಮ್ಮೆ ನೋಡಿಕೊಳ್ಳಿ.

ಸರ್ಕಾರದ ಪರಿಹಾರ ಸಿಗುತ್ತಲ್ಲ?

ಸಿಗುತ್ತೆ, ಆದರೆ ಎಷ್ಟು ಅಂತ ಗೊತ್ತಿರಲಿ. ವಿಪತ್ತು ಪರಿಹಾರ ನಿಧಿಯ 2022-26ರ ಮಾನದಂಡದ ಪ್ರಕಾರ ಪೂರ್ತಿ ಬಿದ್ದ ಮನೆಗೆ ಬಯಲು ಪ್ರದೇಶದಲ್ಲಿ 1,20,000 ರೂಪಾಯಿ. ಭಾಗಶಃ ಹಾನಿ ಆದರೆ, ಅದೂ ಕನಿಷ್ಠ ಶೇ. 15ರಷ್ಟು ಹಾನಿ ಆಗಿದ್ದರೆ, ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ಮನೆಗೆ ಸೇರಿದ ಕೊಟ್ಟಿಗೆಗೆ 3,000. ರಾಜ್ಯ ಸರ್ಕಾರ ಕೆಲವೊಮ್ಮೆ ಇದರ ಮೇಲೆ ಕೊಟ್ಟದ್ದಿದೆ. 2019ರ ಪ್ರವಾಹದ ನಂತರ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಘೋಷಣೆ ಆಗಿತ್ತು. ಆದರೆ ಅದು ಆಯಾ ವರ್ಷದ ತೀರ್ಮಾನ, ಪ್ರತಿ ಸಲವೂ ಅಷ್ಟೇ ಬರುತ್ತೆ ಅನ್ನೋ ಹಾಗಿಲ್ಲ. ನಿಮ್ಮ ಅರ್ಧ ಛಾವಣಿ ಹಾರಿಹೋಗಿ 80 ಸಾವಿರ ಖರ್ಚು ಬಂದರೆ 6,500ರಲ್ಲಿ ಏನಾಗುತ್ತೆ ಹೇಳಿ? ಆ ಅಂತರ ತುಂಬೋದಕ್ಕೇ ವಿಮೆ.

ಭಾರತ್ ಗೃಹ ರಕ್ಷಾ: ಎಲ್ಲ ಕಂಪನಿಗೂ ಒಂದೇ ಪಾಲಿಸಿ

2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರ ಒಂದು ನಿಯಮ ತಂದಿದೆ. ಅಗ್ನಿ ವಿಮೆ ಮಾರುವ ಪ್ರತಿ ಸಾಮಾನ್ಯ ವಿಮಾ ಕಂಪನಿಯೂ ಮನೆಗಳಿಗೆ "ಭಾರತ್ ಗೃಹ ರಕ್ಷಾ" ಹೆಸರಿನ ಪಾಲಿಸಿ ಕೊಡಲೇಬೇಕು. ಮೂಲ ಷರತ್ತುಗಳು ಎಲ್ಲ ಕಂಪನಿಯಲ್ಲೂ ಒಂದೇ. ಬೇರೆ ಬೇರೆ ಇರೋದು ಪ್ರೀಮಿಯಂ ದರ ಮತ್ತು ಸೇವೆ ಮಾತ್ರ.

ಇದರಿಂದ ರೈತರಿಗೆ ದೊಡ್ಡ ಅನುಕೂಲ ಇದೆ. ಬೀಜ ಕೊಳ್ಳುವಾಗ ಒಂದೊಂದು ಕಂಪನಿಯ ತಳಿ ಒಂದೊಂದು ಥರ, ಹೋಲಿಸೋದು ಕಷ್ಟ. ಇಲ್ಲಿ ಹಾಗಲ್ಲ, ಸರಕು ಒಂದೇ. ಹಾಗಾಗಿ ಮೂರು ಕಡೆ ದರ ಕೇಳಿ ಕಡಿಮೆ ಇರೋದನ್ನ ಆರಿಸಬಹುದು. ನ್ಯೂ ಇಂಡಿಯಾ, ಯುನೈಟೆಡ್ ಇಂಡಿಯಾ, ಓರಿಯೆಂಟಲ್, ನ್ಯಾಷನಲ್ ಈ ನಾಲ್ಕು ಸರ್ಕಾರಿ ಕಂಪನಿಗಳು, ಜೊತೆಗೆ ಖಾಸಗಿಯವರೂ ಇದ್ದಾರೆ. ಕೇಳುವಾಗ "ಮನೆ ವಿಮೆ ಬೇಕು" ಅನ್ನಬೇಡಿ, ಹಾಗಂದರೆ ಬೇರೆ ದುಬಾರಿ ಪ್ಯಾಕೇಜ್ ತೋರಿಸಬಹುದು. "ಭಾರತ್ ಗೃಹ ರಕ್ಷಾ ದರ ಹೇಳಿ" ಅಂತ ಹೆಸರು ಹಿಡಿದು ಕೇಳಿ. ಮೂರೂ ಕಡೆ ಒಂದೇ ಮೊತ್ತ, ಒಂದೇ ವಿವರ ಕೊಟ್ಟರೆ ಮಾತ್ರ ಹೋಲಿಕೆ ಸರಿಯಾಗುತ್ತೆ.

ಇದರಲ್ಲಿ ಏನೇನು ಸೇರುತ್ತೆ?

- ಬೆಂಕಿ, ಸ್ಫೋಟ (ಗ್ಯಾಸ್ ಸಿಲಿಂಡರ್ ಸಿಡಿಯೋದೂ ಸೇರಿ), ಸಿಡಿಲು, ಕಾಡ್ಗಿಚ್ಚು
- ಬಿರುಗಾಳಿ, ಚಂಡಮಾರುತ, ಪ್ರವಾಹ, ಜಲಾವೃತ
- ಭೂಕಂಪ, ಭೂಕುಸಿತ, ಗುಡ್ಡ ಜರಿಯೋದು
- ಮರ ಬೀಳೋದು, ವಾಹನ ಗುದ್ದೋದು
- ನೀರಿನ ಟ್ಯಾಂಕ್, ಪೈಪ್ ಒಡೆದು ಆಗೋ ಹಾನಿ
- ಗಲಭೆ, ದುರುದ್ದೇಶದ ಹಾನಿ

ನಮ್ಮವರಿಗೆ ಖುಷಿ ಕೊಡೋ ಇನ್ನೊಂದು ವಿಷಯ ಇದೆ. ಮನೆ ಅಂದರೆ ಬರೀ ನಾಲ್ಕು ಗೋಡೆ ಅಲ್ಲ. ಅದೇ ಜಾಗದಲ್ಲಿದ್ದು ಮನೆಯ ಭಾಗವಾಗಿ ಬಳಸೋ ಕಾಂಪೌಂಡ್, ಗೇಟ್, ಬೇಲಿ, ಜಗಲಿ, ನೀರಿನ ತೊಟ್ಟಿ, ಸೆಪ್ಟಿಕ್ ಟ್ಯಾಂಕ್, ಸೋಲಾರ್ ಪ್ಯಾನೆಲ್, ಅಷ್ಟೇ ಯಾಕೆ ಗೋಬರ್ ಗ್ಯಾಸ್ ಘಟಕ ಕೂಡ ಕಟ್ಟಡದ ಅರ್ಥದಲ್ಲೇ ಬರುತ್ತೆ.

ಕಟ್ಟಡಕ್ಕೂ ಸಾಮಾನಿಗೂ ಸೇರಿಸಿ ಮಾಡಿಸಿದರೆ, ಕಟ್ಟಡದ ಮೊತ್ತದ ಶೇ. 20ರಷ್ಟು (ಗರಿಷ್ಠ 10 ಲಕ್ಷ) ಮನೆಯೊಳಗಿನ ಸಾಮಾನಿಗೆ ತಾನಾಗೇ ಸಿಗುತ್ತೆ. ಪಾತ್ರೆ, ಬೀರು, ಫ್ರಿಜ್, ಟಿವಿ ಅಂತ ಪಟ್ಟಿ ಕೊಡಬೇಕಾಗಿಲ್ಲ. ಒಡವೆಗೆ ಮಾತ್ರ ಬೇರೆ ಐಚ್ಛಿಕ ರಕ್ಷಣೆ ಇದೆ, ಅದಕ್ಕೆ ಹೆಚ್ಚು ಹಣ. ಒಡವೆ ಬ್ಯಾಂಕ್ ಲಾಕರ್‌ನಲ್ಲೋ ಸಾಲದಲ್ಲೋ ಇದ್ದರೆ ಅದನ್ನ ತಗೊಳ್ಳೋ ಅಗತ್ಯ ಇಲ್ಲ.

ಎಷ್ಟು ಮೊತ್ತಕ್ಕೆ ಮಾಡಿಸಬೇಕು?

ಹಣ ಉಳಿಯೋದೂ ಹಾಳಾಗೋದೂ ಇಲ್ಲೇ. ನೆನಪಿಡಿ, ವಿಮೆ ಜಾಗಕ್ಕಲ್ಲ. ಭೂಮಿ ಸುಟ್ಟುಹೋಗಲ್ಲ. ನಿಮ್ಮ ತೋಟ ಎಕರೆಗೆ ಎಷ್ಟೇ ಬೆಲೆ ಬಾಳಲಿ, ಅದನ್ನ ಲೆಕ್ಕಕ್ಕೆ ಸೇರಿಸಬೇಡಿ. ಅದೇ ಮನೆಯನ್ನ ಇವತ್ತು ಮತ್ತೆ ಕಟ್ಟಿದರೆ ಎಷ್ಟಾಗುತ್ತೆ, ಅಷ್ಟೇ ಲೆಕ್ಕ.

ಸೂತ್ರ ಸುಲಭ. ಮನೆಯ ಒಳ ವಿಸ್ತೀರ್ಣ, ಅಂದರೆ ಕಾರ್ಪೆಟ್ ಏರಿಯಾವನ್ನ ಚದರಡಿಗೆ ಈಗಿನ ಕಟ್ಟುವ ಖರ್ಚಿನಿಂದ ಗುಣಿಸಿ. ಉದಾಹರಣೆಗೆ 800 ಚದರಡಿ ಮನೆ, ನಿಮ್ಮೂರ ಮೇಸ್ತ್ರಿ ಚದರಡಿಗೆ 1,500 ಅಂದರೆ 12 ಲಕ್ಷ. ಸಾಮಾನಿಗೆ ಅದರ ಶೇ. 20, ಅಂದರೆ 2 ಲಕ್ಷ 40 ಸಾವಿರ. ದರ ಸಾವಿರಕ್ಕೆ 50 ಪೈಸೆ ಅಂತ ಇಟ್ಟುಕೊಂಡರೆ (ಇದು ಲೆಕ್ಕ ತೋರಿಸೋಕೆ ಮಾತ್ರ) 12 ಲಕ್ಷಕ್ಕೆ 600 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ 108, ಒಟ್ಟು 708. ಕಂಪನಿಯವರು ಹೇಳಿದ ದರವನ್ನ ಇದೇ ಥರ ಹಾಕಿ ನೋಡಿ. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ತೆಗೆದದ್ದು ವೈಯಕ್ತಿಕ ಜೀವ ಮತ್ತು ಆರೋಗ್ಯ ವಿಮೆಗೆ, ಮನೆ ವಿಮೆಗೆ ಅಲ್ಲ.

"ಹಾಗಾದರೆ 5 ಲಕ್ಷಕ್ಕೆ ಮಾಡಿಸಿ ಇನ್ನೂ ಉಳಿಸ್ತೀನಿ" ಅಂತ ಕೆಲವರು ಅನ್ನಬಹುದು. ಹಿಂದೆಲ್ಲ ಹೀಗೆ ಮಾಡಿದವರಿಗೆ ಪೆಟ್ಟು ಬೀಳ್ತಿತ್ತು. 10 ಲಕ್ಷದ ಮನೆಗೆ 5 ಲಕ್ಷಕ್ಕೆ ವಿಮೆ ಮಾಡಿಸಿ, 2 ಲಕ್ಷ ಹಾನಿಯಾದರೆ ಅರ್ಧ ಕಡಿದು 1 ಲಕ್ಷ ಮಾತ್ರ ಕೊಡೋರು. ಗೃಹ ರಕ್ಷಾದಲ್ಲಿ ಈ ಕಡಿತ ಇಲ್ಲ. ಆದರೂ ಮನೆ ಪೂರ್ತಿ ಹೋದರೆ ಸಿಗೋದು ಬರೆಸಿದ ಮೊತ್ತ ಅಷ್ಟೇ. ನೂರಿನ್ನೂರು ಉಳಿಸೋಕೆ ಹೋಗಿ ಅರ್ಧ ಮನೆ ಕಳಕೋಬೇಡಿ. ಉಳಿಸಬೇಕಾದರೆ ದಾರಿ ಬೇರೆ ಇದೆ: ಬೇಡದ ಐಚ್ಛಿಕ ರಕ್ಷಣೆ ಬಿಡಿ. ಈ ಪಾಲಿಸಿ 10 ವರ್ಷದವರೆಗೂ ಒಮ್ಮೆಗೇ ಸಿಗುತ್ತೆ, ಅಡಿಕೆ ಅಥವಾ ಕಾಫಿ ದುಡ್ಡು ಬಂದಾಗ ಮೂರೋ ಐದೋ ವರ್ಷಕ್ಕೆ ಕಟ್ಟಿದರೆ ರಿಯಾಯಿತಿ ಎಷ್ಟು ಅಂತ ಕೇಳಿ. ನವೀಕರಣ ಮರೆಯೋ ತೊಂದರೆಯೂ ತಪ್ಪುತ್ತೆ.

ಹೆಂಚು, ಶೀಟು, ಸೋಗೆ: ಛಾವಣಿ ಸರಿಯಾಗಿ ಬರೆಸಿ

ವಿಮೆಯ ಭಾಷೆಯಲ್ಲಿ "ಕಚ್ಚಾ ಕಟ್ಟಡ" ಅಂದರೆ ಗೋಡೆ ಅಥವಾ ಛಾವಣಿ ಮರದ ಹಲಗೆ, ಸೋಗೆ, ಹುಲ್ಲು, ಬಿದಿರು, ಪ್ಲಾಸ್ಟಿಕ್, ಟಾರ್ಪಾಲು ಇಂಥವುಗಳಿಂದ ಇರೋದು. ಈ ಪಟ್ಟಿ ಗಮನಿಸಿ ನೋಡಿ. ಮಂಗಳೂರು ಹೆಂಚು ಇದರಲ್ಲಿಲ್ಲ. ಸಿಮೆಂಟ್ ಶೀಟು, ಜಿಂಕ್ ಶೀಟು ಇಲ್ಲ. ಮಣ್ಣಿನ ಇಟ್ಟಿಗೆ ಗೋಡೆಯೂ ಇಲ್ಲ. ಹಾಗಾಗಿ ಹೆಂಚಿನ ಮನೆ ಅಂತ ಅಂಜಿ "ಆರ್‌ಸಿಸಿ" ಅಂತ ಸುಳ್ಳು ಬರೆಸೋ ಅಗತ್ಯವೇ ಇಲ್ಲ. ನನ್ನ ಏಜೆಂಟರಿಗೆ ಇದು ಗೊತ್ತಿದ್ದರೆ ನನಗೆ ಆ ಗತಿ ಬರ್ತಿರಲಿಲ್ಲ.

ಸೋಗೆ ಮನೆ, ಹಲಗೆ ಗೋಡೆಯ ಮನೆ ಇದ್ದರೆ ದರ ಜಾಸ್ತಿ ಇರಬಹುದು, ಕೆಲವು ಕಂಪನಿ ಹಿಂದೇಟು ಹಾಕಬಹುದು. ಆದರೂ ಇದ್ದ ಹಾಗೇ ಬರೆಸಿ ಇನ್ನೊಂದು ಕಡೆ ಕೇಳಿ. ಮನೆ ಹೆಂಚಿನದಾಗಿ ಹಿಂದಿನ ಚಾಚು ಮಾತ್ರ ಸೋಗೆಯದ್ದಾದರೆ ಎರಡನ್ನೂ ಬೇರೆ ಬೇರೆ ಬರೆಸಿ.

ಕಂಟೇನರ್ ಮನೆ, ಪೋರ್ಟಾ ಕ್ಯಾಬಿನ್ ಇಟ್ಟವರಿಗೆ

ಈಚೆಗೆ ತೋಟದಲ್ಲಿ ತಳಪಾಯ ತೋಡದೆ ಲಾರಿಯಲ್ಲಿ ತಂದಿಳಿಸೋ ಮನೆಗಳು ಹೆಚ್ಚಾಗಿವೆ. ಬೇಗ ಆಗುತ್ತೆ, ಬೇಕಾದರೆ ಬೇರೆ ಕಡೆ ಸಾಗಿಸಬಹುದು. ವಿಮೆಯ ವಿಷಯದಲ್ಲಿ ಆ "ಸಾಗಿಸಬಹುದು" ಅನ್ನೋದೇ ಸ್ವಲ್ಪ ತೊಡಕು. ಪಾಲಿಸಿ ಹೇಳೋದು ಗೋಡೆ-ಛಾವಣಿ ಇರೋ, ವಾಸಕ್ಕೆ ಬಳಸೋ ಕಟ್ಟಡದ ಬಗ್ಗೆ, ಅದೂ ಪಾಲಿಸಿಯಲ್ಲಿ ಬರೆದ ಜಾಗದಲ್ಲಿ ಇದ್ದಾಗ. ಅದಕ್ಕೇ ಹೀಗೆ ಮಾಡಿ:

1. ಕ್ಯಾಬಿನ್ ಕಾಂಕ್ರೀಟ್ ಪೀಠದ ಮೇಲೆ ಬೋಲ್ಟ್ ಹಾಕಿ ಕೂರಿಸಿ, ನೀರು, ಕರೆಂಟು ಸಂಪರ್ಕ ಕೊಡಿ. ಗಾಳಿಗೂ ಒಳ್ಳೆಯದು, ವಿಮೆಗೂ ಒಳ್ಳೆಯದು.
2. ನಾಲ್ಕೂ ಕಡೆಯ ಫೋಟೊ, ಖರೀದಿ ಬಿಲ್ಲು ಅರ್ಜಿ ಜೊತೆಗೇ ಕೊಡಿ. "ಸ್ಟೀಲ್ ಪ್ರಿಫ್ಯಾಬ್ ಮನೆ, ವಾಸಕ್ಕೆ" ಅಂತ ಪಾಲಿಸಿಯಲ್ಲೇ ಬರಬೇಕು. ಏಜೆಂಟರ ಬಾಯಿಮಾತು ಸಾಲದು.
3. ಬೇರೆ ಸರ್ವೆ ನಂಬರಿಗೆ ಸಾಗಿಸೋದಾದರೆ ಮೊದಲೇ ಕಂಪನಿಗೆ ತಿಳಿಸಿ ಜಾಗ ಬದಲಿಸಿಕೊಳ್ಳಿ. ಲಾರಿಯಲ್ಲಿ ಹೋಗುವಾಗಿನ ಹಾನಿಗೆ ಸಾಗಾಣಿಕೆ ವಿಮೆ ಬೇರೆ.
4. ಚಕ್ರ ಇದ್ದು ರಸ್ತೆ ಮೇಲೆ ಓಡೋದಾದರೆ ಅದು ವಾಹನ. ಅದಕ್ಕೆ ವಾಹನ ವಿಮೆ ಬೇಕು.

ಮನೆ ಕಡಿಮೆ ಬೆಲೆಯದ್ದಾದರೆ ವಿಮಾ ಮೊತ್ತವೂ ಕಡಿಮೆ, ಪ್ರೀಮಿಯಂ ಕೂಡ ಕಡಿಮೆ. 4 ಲಕ್ಷದ ಕ್ಯಾಬಿನ್‌ಗೆ 15 ಲಕ್ಷಕ್ಕೆ ಯಾರಾದರೂ ಮಾಡಿಸಿದರೆ ಲಾಭ ನಿಮಗಲ್ಲ.

ಯಾವುದಕ್ಕೆ ಸಿಗಲ್ಲ?

ಇದನ್ನ ಎರಡು ಸಲ ಓದಿ.

*ಅಡಿಕೆ, ಕಾಫಿ, ಮೆಣಸು, ಗೊಬ್ಬರದ ದಾಸ್ತಾನು:* ಮಾರೋಕೆ ಇಟ್ಟ ಮಾಲು ಮನೆ ಸಾಮಾನಲ್ಲ. ನಮ್ಮ ಪಕ್ಕದ ತೋಟದವರ ಮನೆಯಲ್ಲಿ ಅಟ್ಟದ ಮೇಲಿದ್ದ ಸಿಪ್ಪೆಗೋಟು ಮೂಟೆಗಳು ನೆನೆದು ಹೋದಾಗ ಅವರಿಗೆ ಇದು ತಿಳಿದದ್ದು. ಮನೆ ರಿಪೇರಿಗಿಂತ ಆ ನಷ್ಟವೇ ದೊಡ್ಡದಿತ್ತು. ದಾಸ್ತಾನಿಗೆ ಬೇರೆ ಅಗ್ನಿ ವಿಮೆ ಮಾಡಿಸಬೇಕು. ಸಣ್ಣ ಉದ್ದಿಮೆಗಳಿಗಾಗಿ "ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ" ಅಂತ ಇದೆ, ಆ ಬಗ್ಗೆ ವಿಚಾರಿಸಿ.

*ಕೊಟ್ಟಿಗೆ, ಹಸು, ಪಂಪ್‌ಸೆಟ್:* ಕೊಟ್ಟಿಗೆ ತಾನಾಗಿ ಸೇರಿಬಿಡುತ್ತೆ ಅಂದುಕೋಬೇಡಿ, ಪಾಲಿಸಿಯಲ್ಲಿ ಹೆಸರು ಹಾಕಿ ಬರೆಸಿ. ಹಸುಗಳಿಗೆ ಜಾನುವಾರು ವಿಮೆ ಬೇರೆ. ರಾಷ್ಟ್ರೀಯ ಜಾನುವಾರು ಮಿಷನ್ ಅಡಿ 2024ರಿಂದ ರೈತರ ಪಾಲು ಪ್ರೀಮಿಯಂನ ಶೇ. 15ಕ್ಕೆ ಇಳಿದಿದೆ, ಪಶು ಆಸ್ಪತ್ರೆಯಲ್ಲಿ ಕೇಳಿ. ಪಂಪ್‌ಸೆಟ್‌ಗೂ ಪ್ರತ್ಯೇಕ ವಿಮೆ.

*ಬರೀ ಕಳ್ಳತನ:* ಬೆಂಕಿ, ಪ್ರವಾಹದಂಥ ಘಟನೆ ಆದ 7 ದಿನದೊಳಗೆ, ಅದರಿಂದಾಗಿಯೇ ಕಳ್ಳತನ ಆದರೆ ಮಾತ್ರ ಸಿಗುತ್ತೆ. ಬೀಗ ಒಡೆದು ಕದ್ದರೆ ಸಿಗಲ್ಲ. ಅದಕ್ಕೆ ಬೇರೆ ಕಳವು ವಿಮೆ ಬೇಕು.

*ಸುಟ್ಟ ಇನ್ವರ್ಟರ್, ಟಿವಿ:* ಶಾರ್ಟ್ ಸರ್ಕಿಟ್‌ನಿಂದ ಬೆಂಕಿ ಹತ್ತಿ ಮನೆ ಸುಟ್ಟರೆ ಮನೆಗೆ ಸಿಗುತ್ತೆ. ಆದರೆ ಹೈ ವೋಲ್ಟೇಜ್ ಬಂದೋ, ಸಿಡಿಲಿನ ಕರೆಂಟು ತಂತಿಯಲ್ಲಿ ಹರಿದೋ ಆ ಉಪಕರಣ ಮಾತ್ರ ಸುಟ್ಟರೆ ಅದಕ್ಕಿಲ್ಲ. ಮಳೆ-ಗುಡುಗು ಶುರುವಾದಾಗ ಪ್ಲಗ್ ತೆಗೆಯೋದೇ ಇದಕ್ಕೆ ಅಗ್ಗದ ವಿಮೆ.

*ನಿಧಾನವಾಗಿ ಆಗೋ ಹಾನಿ:* ವರ್ಷಗಟ್ಟಲೆ ಸೋರಿ ಗೋಡೆ ಕುಸಿದರೆ, ಗೆದ್ದಲು ತಿಂದು ಪಕಾಸು ಮುರಿದರೆ ಅದು ನಿರ್ವಹಣೆಯ ಲೋಪ. ಮಣ್ಣಿನ ಗೋಡೆಯವರಿಗೆ ಇಲ್ಲೇ ತಕರಾರು ಬರೋದು. ಮಳೆಗಾಲಕ್ಕೆ ಮುಂಚೆ ಹೆಂಚು ಸರಿಮಾಡಿ ಫೋಟೊ ಇಟ್ಟುಕೊಂಡರೆ, "ಮೊದಲೇ ಹಾಳಾಗಿತ್ತು" ಅನ್ನೋಕೆ ಆಗಲ್ಲ.

*ಖಾಲಿ ಮನೆ:* ಹಳೇ ಮಾದರಿ ಅಗ್ನಿ ಪಾಲಿಸಿಗಳಲ್ಲಿ 30 ದಿನಕ್ಕಿಂತ ಹೆಚ್ಚು ಖಾಲಿ ಬಿಟ್ಟರೆ ರಕ್ಷಣೆ ನಿಲ್ಲೋ ಷರತ್ತಿದೆ. ನೀವು ಪೇಟೆಯಲ್ಲಿದ್ದು ವಾರಕ್ಕೋ ತಿಂಗಳಿಗೋ ತೋಟಕ್ಕೆ ಬರೋರಾದರೆ ಅದನ್ನ ಅರ್ಜಿಯಲ್ಲೇ ಬರೆದು ಒಪ್ಪಿಗೆ ಪಡೆಯಿರಿ. ಕೆಲಸದವರು ವಾಸ ಇದ್ದರೆ ಅದನ್ನೂ ಹೇಳಿ.

ಪಾಲಿಸಿ ಮಾಡಿಸೋ ದಿನ

ಅರ್ಜಿ ನೀವೇ ತುಂಬಿ, ಬರೋದಿಲ್ಲ ಅಂದರೆ ಮಕ್ಕಳಿಂದ ಓದಿಸಿ. ಸರ್ವೆ ನಂಬರ್, ಊರು, ಒಳ ವಿಸ್ತೀರ್ಣ, ಗೋಡೆ, ಛಾವಣಿ, ಕಟ್ಟಿದ ವರ್ಷ, ಯಾರು ವಾಸ ಇದ್ದಾರೆ ಇವಿಷ್ಟೂ ಸರಿಯಾಗಿರಲಿ. ಸಹಿ ಮಾಡಿದ ಅರ್ಜಿಯ ಫೋಟೊ ತೆಗೆದುಕೊಳ್ಳಿ. ಪಹಣಿ, ಮನೆ ಕಂದಾಯದ ರಸೀದಿ, ಕರೆಂಟು ಬಿಲ್ಲು ಒಂದೇ ಫೈಲಿನಲ್ಲಿಡಿ. ಪಹಣಿ ಇನ್ನೂ ಅಜ್ಜನ ಹೆಸರಲ್ಲೇ ಇದ್ದರೆ ಪೌತಿ ಖಾತೆ ಮಾಡಿಸಿಕೊಳ್ಳಿ, ಇಲ್ಲದಿದ್ದರೆ ಪರಿಹಾರದ ಹೊತ್ತಿಗೆ "ಮನೆ ಯಾರದ್ದು?" ಅನ್ನೋ ಪ್ರಶ್ನೆ ಏಳುತ್ತೆ. ಎಕ್ಸೆಸ್, ಅಂದರೆ ಪ್ರತಿ ಕ್ಲೇಮಿನಲ್ಲಿ ನೀವು ಹೊರಬೇಕಾದ ಮೊದಲ ಮೊತ್ತ, ಏನಾದರೂ ಇದೆಯಾ ಕೇಳಿ. ಮೊಬೈಲಿನಲ್ಲಿ ಮನೆಯ ಒಳಗೂ ಹೊರಗೂ ಓಡಾಡಿ ಎರಡು ನಿಮಿಷದ ವಿಡಿಯೊ ಮಾಡಿ ಮಕ್ಕಳ ಫೋನಿಗೂ ಕಳಿಸಿಡಿ. ಮನೆ ಸುಟ್ಟರೆ ಮನೆಯಲ್ಲಿದ್ದ ಕಾಗದವೂ ಸುಡುತ್ತೆ, ಅಲ್ವಾ?

ಹಾನಿ ಆದಾಗ

ಮೊದಲು ಜೀವ. ಆಮೇಲೆ ಫೋಟೊ, ಆಮೇಲೆ ರಿಪೇರಿ. ಅದೇ ದಿನ ಕಂಪನಿಯ ಸಹಾಯವಾಣಿಗೆ ಹೇಳಿ ದೂರಿನ ಸಂಖ್ಯೆ ಬರೆದುಕೊಳ್ಳಿ, ಕ್ಲೇಮ್ ಅರ್ಜಿಯನ್ನ 30 ದಿನದೊಳಗೆ ಕೊಡಿ. ಹಾನಿ ಹೆಚ್ಚಾಗದಂತೆ ಟಾರ್ಪಾಲು ಹಾಕೋದು ನಿಮ್ಮ ಕರ್ತವ್ಯವೇ, ಅದರ ಬಿಲ್ಲು ಇಟ್ಟುಕೊಳ್ಳಿ. ಸರ್ವೇಯರ್ ನೋಡೋವರೆಗೂ ಮುರಿದ ಹೆಂಚು, ಮರ ಎಸೆಯಬೇಡಿ. ಬೆಂಕಿಯಾದರೆ ಅಗ್ನಿಶಾಮಕ ದಳದ ವರದಿ, ಗಾಳಿ-ಮಳೆಯಾದರೆ ಗ್ರಾಮ ಆಡಳಿತ ಅಧಿಕಾರಿಯ ಮಹಜರಿನ ಪ್ರತಿ ತಗೊಳ್ಳಿ. ಸರ್ಕಾರದ ಪರಿಹಾರಕ್ಕೂ ಅದೇ ಬೇಕು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಅಳೆಯುತ್ತೆ. ಆ ದಿನದ ಮಳೆ ಅಂಕಿ ನಿಮ್ಮ ಮಾತಿಗೆ ಸಾಕ್ಷಿ.

ಕಂಪನಿ ಕೊಡಲ್ಲ ಅಂದರೆ ಕಾರಣ ಬರವಣಿಗೆಯಲ್ಲಿ ಕೇಳಿ. ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. ಪ್ರಾಧಿಕಾರದ "ಬಿಮಾ ಭರೋಸಾ"ದಲ್ಲೂ ದೂರು ಕೊಡಬಹುದು, ಉಚಿತ ಕರೆ 155255. ಒಂದು ತಿಂಗಳಾದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಕಾಣದಿದ್ದರೆ, ಬೆಂಗಳೂರಿನಲ್ಲಿರೋ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಅರ್ಜಿ ಹಾಕಿ. 50 ಲಕ್ಷದವರೆಗಿನ ತಕರಾರು ಅಲ್ಲಿ ಕೇಳ್ತಾರೆ. ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. ಒಂದು ವರ್ಷದ ಒಳಗೆ ಹಾಕಬೇಕು ಅಷ್ಟೇ. ನನ್ನ ಪ್ರಕರಣದಲ್ಲಿ ಈ ದಾರಿ ನನಗೆ ಗೊತ್ತಾಗೋ ಹೊತ್ತಿಗೆ ಆ ವರ್ಷ ಕಳೆದಿತ್ತು.

ಈಗ ನಮ್ಮ ಮನೆಗೆ ಹೊಸ ಪಾಲಿಸಿ ಇದೆ. ಛಾವಣಿ ಅನ್ನೋ ಜಾಗದಲ್ಲಿ "ಮಂಗಳೂರು ಹೆಂಚು, ಮರದ ಪಕಾಸು" ಅಂತ ನಾನೇ ನನ್ನ ಕೈಯಾರೆ ಬರೆದಿದ್ದೀನಿ. ಕೊಟ್ಟಿಗೆ ಬೇರೆ ಸಾಲಿನಲ್ಲಿದೆ. ಮನೆ ಹತ್ತಿರ ಬಾಗಿದ್ದ ಇನ್ನೆರಡು ಸಿಲ್ವರ್ ಓಕ್ ಕೊಂಬೆಗಳನ್ನೂ ಸವರಿಸಿದೆ. ನೀವೂ ಈ ವಾರ ಒಂದು ಕೆಲಸ ಮಾಡಿ: ಬೀರುವಿನಲ್ಲಿರೋ ವಿಮೆ ಕಾಗದ ಎಲ್ಲ ತೆಗೆದು, ಅದರಲ್ಲಿ ಮನೆಯ ಹೆಸರು ಎಲ್ಲಾದರೂ ಇದೆಯಾ ನೋಡಿ. ಇಲ್ಲದಿದ್ದರೆ ಮುಂಗಾರಿಗೆ ಮುಂಚೆ ಮೂರು ಕಡೆ ದರ ಕೇಳಿ.